ಮಣ್ಣಿನ ಸ್ಪ್ರಿಂಗ್‌ಟೇಲ್ ಜೀವಿ ಫೋಲ್ಸೋಮಿಯಾ ಕ್ಯಾಂಡಿಡಾ: ಜೀವನಕ್ರಮ ಹಾಗೂ ವೈಜ್ಞಾನಿಕ ಉಪಯೋಗಗಳ ಕುರಿತು ಮಾಹಿತಿ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ನಡುವಿನ ತುರ್ವಿಹಾಳ ಭಾಗದಲ್ಲಿ ಮಳೆಗಾಲದ ನಂತರ ತಿಪ್ಪೆಯ ಅಡಿಭಾಗವನ್ನು ಸಲಿಕೆಯಿಂದ ತೆಗೆದಾಗ, ಎರೆಗೊಬ್ಬರದ ತೊಟ್ಟಿಯ ಗೋಣಿಚೀಲವನ್ನು ಎತ್ತಿದಾಗ ಅಥವಾ ಸಸಿಮಡಿಯ ತೇವವಾದ ಮಣ್ಣನ್ನು ಕೆದಕಿದಾಗ, ಸಾಸಿವೆ ಕಾಳಿಗಿಂತಲೂ ತೆಳ್ಳಗಿರುವ ಬಿಳಿಯ ಜೀವಿಗಳು ಪುಟಿದು ಮರೆಯಾಗುವುದು ಕಂಡುಬರುತ್ತದೆ. ಇವುಗಳನ್ನು ನುಸಿ ಎಂದೋ ಬೇರು ತಿನ್ನುವ ಹುಳು ಎಂದೋ ಭಾವಿಸಿ ಕೀಟನಾಶಕದ ಪುಡಿಯನ್ನು ಎರಚುವುದುಂಟು. ಇಂತಹ ಜೀವಿಗಳಲ್ಲಿ ಬಹುಪಾಲು ಸ್ಪ್ರಿಂಗ್‌ಟೇಲ್‌ಗಳು, ಅಂದರೆ ಬಾಲದಿಂದ ಚಿಮ್ಮುವ ಜೀವಿಗಳಾಗಿದ್ದು, ಬೆಳೆಗೆ ಹಾನಿ ಮಾಡುವಂತಹವುಗಳಲ್ಲ. ಇವುಗಳ ಒಂದು ಜಾತಿಯಾದ ಫೋಲ್ಸೋಮಿಯಾ ಕ್ಯಾಂಡಿಡಾ ಎಂಬುದು ಜಗತ್ತಿನಾದ್ಯಂತ ಮಣ್ಣಿನ ಮಾಲಿನ್ಯವನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಅಧಿಕೃತ ಪರೀಕ್ಷಾ ಜೀವಿಯಾಗಿ ಬಳಕೆಯಲ್ಲಿದೆ. ಸಾರ್ವಜನಿಕರ, ರೈತರ ಹಾಗೂ ವಿದ್ಯಾರ್ಥಿಗಳ ತಿಳುವಳಿಕೆಗಾಗಿ ಸದರಿ ಜೀವಿಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ವರ್ಗೀಕರಣ ಮತ್ತು ಹೆಸರು

ಸ್ಪ್ರಿಂಗ್‌ಟೇಲ್‌ಗಳಿಗೆ ಆರು ಕಾಲುಗಳಿದ್ದರೂ ಇಂದಿನ ಪ್ರಾಣಿಶಾಸ್ತ್ರವು ಅವುಗಳನ್ನು ಕೀಟಗಳ ಗುಂಪಿಗೆ ಸೇರಿಸದೆ ಕೊಲೆಂಬೊಲ ಎಂಬ ಪ್ರತ್ಯೇಕ ವರ್ಗದಲ್ಲಿ ಇರಿಸುತ್ತದೆ. ಕೀಟಗಳ ಬಾಯಿಯ ಭಾಗಗಳು ಹೊರಗೆ ಕಾಣುತ್ತವೆ. ಇವುಗಳಲ್ಲಿ ಅವು ತಲೆಯೊಳಗಿನ ಚೀಲದಲ್ಲಿ ಅಡಗಿರುತ್ತವೆ. ಹೊಟ್ಟೆಯ ಭಾಗದಲ್ಲಿ ಆರು ಖಂಡಗಳು ಮಾತ್ರ ಇರುತ್ತವೆ. ರೆಕ್ಕೆಗಳು ಯಾವ ಹಂತದಲ್ಲಿಯೂ ಮೂಡುವುದಿಲ್ಲ. ಈವರೆಗೆ ಜಗತ್ತಿನಲ್ಲಿ ಸುಮಾರು 9,000 ಜಾತಿಗಳು ಹೆಸರಿಸಲ್ಪಟ್ಟಿವೆ. ಫೋಲ್ಸೋಮಿಯಾ ಕ್ಯಾಂಡಿಡಾ ಜಾತಿಯನ್ನು 1902ರಲ್ಲಿ ಬೆಲ್ಜಿಯಂ ದೇಶದ ಪ್ರಾಣಿಶಾಸ್ತ್ರಜ್ಞ ವಿಕ್ಟರ್ ವಿಲೆಮ್ ವಿವರಿಸಿದರು. ಹೆಸರಿನ ಮೊದಲ ಭಾಗವು ಅಮೆರಿಕದ ಕೀಟಶಾಸ್ತ್ರಜ್ಞ ಫೋಲ್ಸಮ್ ಅವರ ಗೌರವಾರ್ಥವಾಗಿದ್ದು, ಎರಡನೆಯ ಭಾಗಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬಿಳಿ ಎಂದು ಅರ್ಥ.

ಈ ವರ್ಗವು ಬಹು ಪ್ರಾಚೀನವಾದುದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿಯ ಶಿಲೆಯಲ್ಲಿ ದೊರೆತ ಸ್ಪ್ರಿಂಗ್‌ಟೇಲ್ ಪಳೆಯುಳಿಕೆಯು ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದು. ಅದನ್ನು 1926ರಲ್ಲಿ ವಿವರಿಸಿ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ಭಾರತೀಯ ಕೀಟಶಾಸ್ತ್ರಜ್ಞ ಎಸ್. ಮೌಲಿಕ್ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣದ ಸಂಗತಿ.

ದೇಹರಚನೆ

ಪೂರ್ಣ ಬೆಳೆದ ಫೋಲ್ಸೋಮಿಯಾ ಕ್ಯಾಂಡಿಡಾ 1.5ರಿಂದ 3 ಮಿಲಿಮೀಟರ್ ಉದ್ದವಿರುತ್ತದೆ. ಮೈಗೆ ಬಣ್ಣವಿಲ್ಲ, ಕಣ್ಣುಗಳೂ ಇಲ್ಲ. ಕತ್ತಲೆಯ ಮಣ್ಣಿನೊಳಗೆ ಬಾಳುವ ಜೀವಿಗೆ ಇವೆರಡರ ಅಗತ್ಯವೂ ಇಲ್ಲವಷ್ಟೆ. ಮೀಸೆಯಂತಹ ಸ್ಪರ್ಶಾಂಗಗಳು ಹಾಗೂ ಅವುಗಳ ಹಿಂಬದಿಯಲ್ಲಿರುವ ಒಂದು ಸೂಕ್ಷ್ಮ ಅಂಗದ ನೆರವಿನಿಂದ ಅದು ತನ್ನ ಸುತ್ತಲನ್ನು ಅರಿಯುತ್ತದೆ.

ಹೊಟ್ಟೆಯ ಕೆಳಗೆ ಕವೆಯಂತೆ ಸೀಳಿರುವ ಒಂದು ಬಾಲವು ಮುಂದಕ್ಕೆ ಮಡಿಚಿಕೊಂಡು, ಕೊಕ್ಕೆಯೊಂದಕ್ಕೆ ಸಿಕ್ಕಿಸಲ್ಪಟ್ಟಿರುತ್ತದೆ. ಅಪಾಯ ಎದುರಾದಾಗ ಕೊಕ್ಕೆ ಕಳಚಿ, ಬಾಲವು ನೆಲಕ್ಕೆ ಬಡಿದು, ಜೀವಿಯು ಗಾಳಿಗೆ ಎಸೆಯಲ್ಪಡುತ್ತದೆ. ಹೊಟ್ಟೆಯ ಮೊದಲ ಖಂಡದ ಅಡಿಯಲ್ಲಿ ಒಂದು ಚಿಕ್ಕ ಕೊಳವೆಯಿದ್ದು, ಇದರ ಮೂಲಕ ನೀರು ಮತ್ತು ಲವಣಗಳನ್ನು ಹೀರಿಕೊಳ್ಳುತ್ತದೆ. ಉಸಿರಾಟಕ್ಕೆ ಪ್ರತ್ಯೇಕ ನಾಳಗಳಿಲ್ಲ. ಚರ್ಮದ ಮೂಲಕವೇ ಉಸಿರಾಡುತ್ತದೆ. ಚರ್ಮದ ಹೊರಮೈ ನೀರಿನಿಂದ ನೆನೆಯುವುದಿಲ್ಲವಾದ ಕಾರಣ, ಗದ್ದೆಗೆ ನೀರು ಬಿಟ್ಟಾಗ ಸ್ಪ್ರಿಂಗ್‌ಟೇಲ್‌ಗಳು ಮುಳುಗದೆ ಮೇಲೆ ತೇಲುತ್ತವೆ. ಈ ಗುಣವು ಮುಂದೆ ವಿವರಿಸಿರುವ ಪರೀಕ್ಷೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಚರ್ಮದಿಂದ ಉಸಿರಾಡುವ, ಹೊಟ್ಟೆಯ ಕೊಳವೆಯಿಂದ ಮಣ್ಣಿನ ನೀರನ್ನು ಹೀರುವ ಜೀವಿಗೆ ಆ ನೀರಿನಲ್ಲಿ ಕರಗಿದ ವಿಷದಿಂದ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಪರೀಕ್ಷಾ ಜೀವಿಯಾಗಿ ಇದು ಆಯ್ಕೆಯಾಗಲು ಇದೂ ಒಂದು ಕಾರಣವಾಗಿದೆ.

ಆಹಾರ

ಮುಖ್ಯ ಆಹಾರ ಶಿಲೀಂಧ್ರಗಳ ಎಳೆಗಳು. ಕೊಳೆಯುತ್ತಿರುವ ಸೊಪ್ಪು, ಬೇರು ಹಾಗೂ ಹುಲ್ಲಿನ ಮೇಲೆ ಹಬ್ಬಿದ ಬೂಷ್ಟನ್ನು ಮೇಯುತ್ತದೆ. ದುಂಡುಹುಳುಗಳನ್ನು ಅಂದರೆ ನೆಮಟೋಡ್‌ಗಳನ್ನು ಒದಗಿಸಿದಾಗ ಶಿಲೀಂಧ್ರಕ್ಕಿಂತ ಅವುಗಳನ್ನೇ ಹೆಚ್ಚಾಗಿ ತಿನ್ನುತ್ತದೆಂಬುದನ್ನೂ ಪ್ರಯೋಗಗಳು ತೋರಿಸಿವೆ. ಮೇದ ಬಳಿಕ ಹೊರಹಾಕುವ ಸೂಕ್ಷ್ಮ ಹಿಕ್ಕೆಗಳು ಮಣ್ಣಿನ ಕಣಗಳೊಡನೆ ಬೆರೆತು ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತವೆ, ಹಾಗೂ ಕಸದಲ್ಲಿ ಸಿಕ್ಕಿಕೊಂಡ ಸಾರಜನಕವು ಬೇರಿಗೆ ದೊರೆಯುವ ರೂಪಕ್ಕೆ ಬರಲು ನೆರವಾಗುತ್ತವೆ. ಎರೆಹುಳುವಿನ ಕೆಲಸ ಎಲ್ಲರಿಗೂ ಕಾಣುತ್ತದೆ; ಇದರ ಕೆಲಸ ಕಾಣುವುದಿಲ್ಲ. ಮಣ್ಣಿನ ಜಮಾಖರ್ಚಿನಲ್ಲಿ ಎರಡಕ್ಕೂ ಬಾಬ್ತು ಇದೆ.

ಸಂತಾನೋತ್ಪತ್ತಿ ಮತ್ತು ಜೀವಿತಾವಧಿ

ಈ ಜಾತಿಯಲ್ಲಿ ಗಂಡು ಕಾಣಸಿಗುವುದು ಬಹು ಅಪರೂಪ. ಹೆಣ್ಣು ಜೀವಿಯು ಗಂಡಿನ ಸಂಪರ್ಕವಿಲ್ಲದೆಯೇ ಮೊಟ್ಟೆಯಿಟ್ಟು ಹೆಣ್ಣು ಮರಿಗಳನ್ನೇ ಪಡೆಯುತ್ತದೆ. ಇದರ ಹಿಂದೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಇದು ಸ್ಪ್ರಿಂಗ್‌ಟೇಲ್‌ನ ಜೀವಕೋಶಗಳೊಳಗೆ ವಾಸಿಸುತ್ತಾ, ತಾಯಿಯ ಮೊಟ್ಟೆಯ ಮೂಲಕ ಮುಂದಿನ ಪೀಳಿಗೆಗೆ ಸಾಗುತ್ತದೆ. ರಿಫಾಂಪಿಸಿನ್ ಎಂಬ ಪ್ರತಿಜೀವಕವನ್ನು ಆಹಾರದೊಡನೆ ನೀಡಿ ಈ ಬ್ಯಾಕ್ಟೀರಿಯಾವನ್ನು ನಾಶಪಡಿಸಿದಾಗ, ಜೀವಿಯು ಮೊಟ್ಟೆಯಿಟ್ಟರೂ ಅವು ಒಡೆದು ಮರಿಯಾಗಲಿಲ್ಲ. ಅಂದರೆ ಈ ಬ್ಯಾಕ್ಟೀರಿಯಾ ಇಲ್ಲದೆ ಸಂತಾನವೇ ಇಲ್ಲ.

ಒಂದು ಕಂತಿನಲ್ಲಿ ಸಾಮಾನ್ಯವಾಗಿ 30ರಿಂದ 50 ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 7ರಿಂದ 10 ದಿನಗಳೊಳಗೆ ಮರಿ ಹೊರಬರುತ್ತದೆ. ಮರಿಯು ರೂಪದಲ್ಲಿ ತಾಯಿಯಂತೆಯೇ ಇರುತ್ತದೆ. ಚಿಟ್ಟೆಯಲ್ಲಿರುವಂತೆ ಕಂಬಳಿಹುಳು, ಕೋಶ ಎಂಬ ಹಂತಗಳಿಲ್ಲ. ಐದು ಬಾರಿ ಪೊರೆ ಕಳಚಿದ ನಂತರ, ಅಂದರೆ 21ರಿಂದ 24 ದಿನಗಳಲ್ಲಿ, ಪ್ರೌಢಾವಸ್ಥೆಗೆ ಬರುತ್ತದೆ. ಕೀಟಗಳು ಪ್ರೌಢವಾದ ಬಳಿಕ ಪೊರೆ ಕಳಚುವುದನ್ನು ನಿಲ್ಲಿಸುತ್ತವೆ. ಈ ಜೀವಿ ಆಯುಷ್ಯವಿಡೀ ಕಳಚುತ್ತಲೇ ಇರುತ್ತದೆ. ಒಟ್ಟು 45 ಬಾರಿಯವರೆಗೂ ಕಳಚುವುದು ದಾಖಲಾಗಿದೆ. ಪ್ರತಿ ಬಾರಿ ಪೊರೆಯೊಡನೆ ಕರುಳಿನ ಒಳಪದರವೂ ಹೊರಬೀಳುವುದರಿಂದ, ಅಲ್ಲಿ ಶೇಖರವಾದ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳ ಒಂದು ಭಾಗವನ್ನು ಜೀವಿಯು ಹೊರಹಾಕಲು ಸಾಧ್ಯವಾಗುತ್ತದೆ.

ಆಯುಷ್ಯವು ಉಷ್ಣತೆಯನ್ನು ಅವಲಂಬಿಸಿದೆ. ಪ್ರಯೋಗಾಲಯದಲ್ಲಿ 15 ಡಿಗ್ರಿಯಲ್ಲಿ 240 ದಿನಗಳವರೆಗೆ ಬದುಕಿದ ಜೀವಿಯು 24 ಡಿಗ್ರಿಯಲ್ಲಿ 111 ದಿನಗಳವರೆಗೆ ಮಾತ್ರ ಬದುಕಿತು. 21 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆಗಳು ಚೆನ್ನಾಗಿ ಒಡೆಯುತ್ತವೆ. ಸುಮಾರು 28 ಡಿಗ್ರಿ ದಾಟಿದರೆ ಒಡೆಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು ಜಿಲ್ಲೆಯ ಓದುಗರು ಈ ಅಂಕಿಗಳನ್ನು ಗಮನದಲ್ಲಿಡುವುದು ಸೂಕ್ತ. ಇದು ತಂಪು ಮಣ್ಣಿನ ಜಾತಿ. ಜಗತ್ತಿನ ಅನೇಕ ಕಡೆ ಹೂಕುಂಡ, ಗವಿ, ಕಾಂಪೋಸ್ಟ್ ಮುಂತಾದ ತಂಪು ನೆಲೆಗಳಲ್ಲಿ ಕಂಡುಬರುತ್ತದೆ. ತಿಪ್ಪೆಯಲ್ಲಿ ಪುಟಿಯುವ ಪ್ರತಿಯೊಂದು ಬಿಳಿ ಜೀವಿಯೂ ಇದೇ ಜಾತಿ ಎಂದು ಬರಿಗಣ್ಣಿನಿಂದ ನಿರ್ಧರಿಸಲು ಬರುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕ ಹಾಗೂ ತಜ್ಞರ ನೆರವು ಬೇಕಾಗುತ್ತದೆ.

ಬರದ ಎದುರು ಒಂದು ಉಪಾಯ

ತೆಳು ಚರ್ಮದ ಈ ಜೀವಿ ಮಣ್ಣು ಒಣಗತೊಡಗಿದಾಗ ಸಾಯಬೇಕಿತ್ತು. ಆದರೆ ಡೆನ್ಮಾರ್ಕಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಸಂಗತಿ ಕಂಡುಬಂದಿತು. ಮಣ್ಣಿನೊಳಗಿನ ಗಾಳಿಯ ತೇವಾಂಶವು ಶೇಕಡಾ 98.9ಕ್ಕೆ ಇಳಿದಾಗ ಬೆಳೆಗಳ ಬೇರು ನೀರನ್ನು ಎಳೆದುಕೊಳ್ಳಲಾರದೆ ಬೆಳೆ ಶಾಶ್ವತವಾಗಿ ಬಾಡುತ್ತದೆ. ಅದಕ್ಕಿಂತಲೂ ಒಣಗಿದ ಸ್ಥಿತಿಯಲ್ಲಿ ಫೋಲ್ಸೋಮಿಯಾ ಕ್ಯಾಂಡಿಡಾ ತನ್ನ ದೇಹದ್ರವದಲ್ಲಿ ಗ್ಲೂಕೋಸ್ ಹಾಗೂ ಮಯೋಇನೋಸಿಟಾಲ್ ಎಂಬ ಸಕ್ಕರೆ ರೂಪದ ವಸ್ತುಗಳನ್ನು ಹೆಚ್ಚಿಸಿಕೊಂಡಿತು. ಉಪ್ಪು ಗಾಳಿಯಿಂದ ನೀರನ್ನು ಎಳೆದು ಒದ್ದೆಯಾಗುವ ಹಾಗೆ, ಹೀಗೆ ಸಾಂದ್ರಗೊಂಡ ದೇಹದ್ರವವು ಸುತ್ತಲ ಗಾಳಿಯ ಆವಿಯನ್ನೇ ನೀರಾಗಿ ಹೀರಿಕೊಂಡಿತು. ಬೆಳೆ ಬಾಡಿದ ನಂತರವೂ ಹೊಲದ ಮಣ್ಣಿನೊಳಗೆ ಇಂತಹ ಜೀವಿಗಳು ಉಳಿದಿರಲು ಸಾಧ್ಯ ಎಂಬುದು ಇದರಿಂದ ತಿಳಿದುಬಂದಿತು. ಆದಾಗ್ಯೂ, ನಿಧಾನವಾಗಿ ಒಣಗಿದರೆ ಮಾತ್ರ ಈ ಉಪಾಯ ಫಲಿಸುತ್ತದೆ; ದಿಢೀರನೆ ಒಣಗಿದರೆ ಸಕ್ಕರೆ ತಯಾರಿಸಿಕೊಳ್ಳಲು ಕಾಲಾವಕಾಶ ದೊರೆಯುವುದಿಲ್ಲ.

ಮಣ್ಣಿನ ಮಾಲಿನ್ಯ ಪರೀಕ್ಷೆಯಲ್ಲಿ ಬಳಕೆ

ಯಾವುದಾದರೂ ಕೀಟನಾಶಕ, ಲೋಹ ಅಥವಾ ಕಾರ್ಖಾನೆಯ ತ್ಯಾಜ್ಯವು ಮಣ್ಣಿನ ಜೀವಿಗಳಿಗೆ ಎಷ್ಟು ಹಾನಿಕರ ಎಂಬುದನ್ನು ರಾಸಾಯನಿಕ ವಿಶ್ಲೇಷಣೆಯೊಂದರಿಂದಲೇ ಹೇಳಲು ಬರುವುದಿಲ್ಲ. ಮಣ್ಣಿನಲ್ಲಿ ಇಷ್ಟು ಮಿಲಿಗ್ರಾಂ ಇದೆ ಎಂದು ತಿಳಿಯಬಹುದು. ಅದರಲ್ಲಿ ಎಷ್ಟು ಪಾಲು ಜೇಡಿಕಣಗಳಿಗೆ ಅಂಟಿಕೊಂಡು ನಿರುಪದ್ರವಿಯಾಗಿದೆ, ಎಷ್ಟು ಪಾಲು ಜೀವಿಗಳ ಮೈಗೆ ಸೇರುತ್ತದೆ ಎಂಬುದನ್ನು ಜೀವಿಯನ್ನೇ ಕೇಳಬೇಕಾಗುತ್ತದೆ. ಇದಕ್ಕಾಗಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1999ರಲ್ಲಿ ಐ.ಎಸ್.ಓ. 11267 ಸಂಖ್ಯೆಯ ಮಾನಕವನ್ನು ಪ್ರಕಟಿಸಿ, 2014ರಲ್ಲಿ ಪರಿಷ್ಕರಿಸಿತು. ಓ.ಇ.ಸಿ.ಡಿ. ಸಂಸ್ಥೆಯು 2009ರಲ್ಲಿ 232ನೇ ಸಂಖ್ಯೆಯ ಮಾರ್ಗಸೂಚಿಯನ್ನು ಹೊರಡಿಸಿತು. ಎರಡರಲ್ಲಿಯೂ ಫೋಲ್ಸೋಮಿಯಾ ಕ್ಯಾಂಡಿಡಾ ಪ್ರಮುಖ ಪರೀಕ್ಷಾ ಜೀವಿಯಾಗಿದೆ.

ಪರೀಕ್ಷೆಯ ಕ್ರಮ ಈ ರೀತಿ ಇರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಗೂ ಇದ್ದಿಲ ಪುಡಿಯನ್ನು ಬೆರೆಸಿ ಡಬ್ಬಿಯ ತಳಕ್ಕೆ ಎರೆದು, ಅದನ್ನು ತೇವವಾಗಿಟ್ಟು ಜೀವಿಗಳನ್ನು ಸಾಕಲಾಗುತ್ತದೆ. ಇದ್ದಿಲಿನ ಕಪ್ಪು ನೆಲದ ಮೇಲೆ ಬಿಳಿಯ ಮೊಟ್ಟೆಗಳು ಎದ್ದು ಕಾಣುತ್ತವೆ. ಬೇಕರಿಯವರು ಬಳಸುವ ಒಣ ಯೀಸ್ಟ್ ಇವುಗಳ ಆಹಾರ. ಒಂದೇ ವಯಸ್ಸಿನ, 10ರಿಂದ 12 ದಿನಗಳ ಹತ್ತು ಮರಿಗಳನ್ನು ಆಯ್ದು, 30 ಗ್ರಾಂ ತೇವವಾದ ಮಣ್ಣಿರುವ ಗಾಜಿನ ಪಾತ್ರೆಗೆ ಬಿಡಲಾಗುತ್ತದೆ. ಕೆಲವು ಪಾತ್ರೆಗಳಲ್ಲಿ ಶುದ್ಧ ಮಣ್ಣು, ಉಳಿದವುಗಳಲ್ಲಿ ಏರುವ ಪ್ರಮಾಣದಲ್ಲಿ ರಾಸಾಯನಿಕ ಬೆರೆಸಿದ ಮಣ್ಣು ಇರುತ್ತದೆ. 20 ಡಿಗ್ರಿಯಲ್ಲಿ 28 ದಿನ ಇರಿಸಿ, ಆರಂಭದಲ್ಲಿ ಹಾಗೂ 14ನೇ ದಿನ ಚಿಟಿಕೆ ಯೀಸ್ಟ್ ಹಾಕಲಾಗುತ್ತದೆ. 28ನೇ ದಿನ ಪಾತ್ರೆಗೆ ನೀರು ತುಂಬಿ ಮೆಲ್ಲನೆ ಕಲಕಿದಾಗ ಹಳೆಯವೂ ಮರಿಗಳೂ ಮೇಲೆ ತೇಲುತ್ತವೆ. ನೀರಿಗೆ ಕಪ್ಪು ಶಾಯಿ ಬೆರೆಸಿ, ಛಾಯಾಚಿತ್ರ ತೆಗೆದು ಎಣಿಸಲಾಗುತ್ತದೆ. ಎಷ್ಟು ಪ್ರಮಾಣದಲ್ಲಿ ಮರಿಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು ಎಂಬುದೇ ಫಲಿತಾಂಶ.

ಶುದ್ಧ ಮಣ್ಣಿನ ಪಾತ್ರೆಗಳಲ್ಲಿಯೇ ಶೇಕಡಾ 20ಕ್ಕಿಂತ ಹೆಚ್ಚು ತಾಯಂದಿರು ಸತ್ತರೆ ಅಥವಾ ಸರಾಸರಿ ನೂರಕ್ಕಿಂತ ಕಡಿಮೆ ಮರಿಗಳು ದೊರೆತರೆ ಆ ಪರೀಕ್ಷೆಯನ್ನೇ ಅಸಿಂಧುವೆಂದು ಪರಿಗಣಿಸಲಾಗುತ್ತದೆ. ಸಾವಿಗಿಂತ ಸಂತಾನದ ಎಣಿಕೆಗೆ ಇಲ್ಲಿ ಹೆಚ್ಚಿನ ಬೆಲೆ. ವಿಷವು ಕೊಲ್ಲದೆಯೇ ಸಂತಾನವನ್ನು ನಿಲ್ಲಿಸಬಲ್ಲದು. ಹತ್ತು ತಾಯಂದಿರೂ ಬದುಕಿರುವ ಪಾತ್ರೆಯಲ್ಲಿ ಒಂದು ಮರಿಯೂ ಇಲ್ಲದಿರಬಹುದು.

ಇದಲ್ಲದೆ, ಪಾತ್ರೆಯ ಒಂದು ಬದಿಗೆ ಶುದ್ಧ ಮಣ್ಣು, ಮತ್ತೊಂದು ಬದಿಗೆ ಶಂಕಿತ ಮಣ್ಣು ಇರಿಸಿ, ಜೀವಿಗಳು ಯಾವ ಬದಿಗೆ ಸರಿಯುತ್ತವೆ ಎಂದು ನೋಡುವ ಎರಡು ದಿನಗಳ ಸರಳ ಪರೀಕ್ಷೆಯೂ ಇದೆ. ಐರೋಪ್ಯ ಒಕ್ಕೂಟದ 2013ರ ನಿಯಮಗಳು ಕೀಟನಾಶಕಗಳ ಮಣ್ಣಿನ ಪರಿಣಾಮದ ಪರೀಕ್ಷೆಗೆ ಫೋಲ್ಸೋಮಿಯಾ ಕ್ಯಾಂಡಿಡಾವನ್ನು ಹೆಸರಿಸಿಯೇ ಉಲ್ಲೇಖಿಸಿವೆ.

ಇಂತಹ ಪರೀಕ್ಷೆಗಳಿಂದ ಕ್ಲೋರ್‌ಪೈರಿಫಾಸ್ ಹಾಗೂ ಇಮಿಡಾಕ್ಲೋಪ್ರಿಡ್ ಕೀಟನಾಶಕಗಳು ಸ್ಪ್ರಿಂಗ್‌ಟೇಲ್‌ಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕವೆಂದು ತಿಳಿದುಬಂದಿದೆ. ಬಿಟಿ ಬೆಳೆಗಳಲ್ಲಿರುವ ಪ್ರೋಟೀನುಗಳನ್ನೂ ಈ ಜೀವಿಯ ಮೇಲೆ ಪರೀಕ್ಷಿಸಲಾಗಿದ್ದು, ಗಮನಾರ್ಹ ಹಾನಿ ಕಂಡುಬಂದಿಲ್ಲ. ಭಾರತದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆತಿದ್ದು, ಈ ಭಾಗದ ಎರೆ ಹೊಲಗಳಲ್ಲಿ ಅದು ಸಾಮಾನ್ಯ ಬೆಳೆಯಾಗಿದೆ. ಆದರೆ ಬಿಟಿ ಪ್ರೋಟೀನು ಬೇರೆ, ಬೀಜಕ್ಕೆ ಲೇಪಿಸುವ ಇಮಿಡಾಕ್ಲೋಪ್ರಿಡ್ ಬೇರೆ. ಒಂದರ ಫಲಿತಾಂಶವನ್ನು ಮತ್ತೊಂದಕ್ಕೆ ಅನ್ವಯಿಸಬಾರದು. ಹಾಗೆಯೇ, ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್‌ಗಳು ಹೆಚ್ಚಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವುದೂ ತಪ್ಪಾದೀತು. ಹಿಂದೆ ಡಿ.ಡಿ.ಟಿ. ಹಾಕಿದ ಹೊಲಗಳಲ್ಲಿ ಸ್ಪ್ರಿಂಗ್‌ಟೇಲ್‌ಗಳ ಸಂಖ್ಯೆ ಇಳಿಯುವ ಬದಲು ಏರಿದ ಉದಾಹರಣೆಗಳಿವೆ. ಅವುಗಳನ್ನು ಹಿಡಿದು ತಿನ್ನುವ ನುಸಿಗಳು ಆ ವಿಷಕ್ಕೆ ಮೊದಲು ಬಲಿಯಾದುದೇ ಇದಕ್ಕೆ ಕಾರಣ.

ಸವಳು, ಜವಳು ಮತ್ತು ಗಣಿ ಮಣ್ಣು

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ನಾಲೆಯು ಈ ಸೀಮೆಗೆ ಭತ್ತವನ್ನು ತಂದಿತು; ಜೊತೆಗೆ ತಗ್ಗಿನ ಎರೆ ಭೂಮಿಗಳಿಗೆ ಸವಳು ಜವಳನ್ನೂ ತಂದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂತಹ ಭೂಮಿಗಳ ಸುಧಾರಣೆಯ ಕುರಿತು ಅಖಿಲ ಭಾರತ ಸಮನ್ವಯ ಯೋಜನೆಯಡಿ ಸಂಶೋಧನೆ ನಡೆಯುತ್ತಿದೆ. ಉಪ್ಪಿನ ಪರಿಣಾಮವನ್ನು ನಾಲ್ಕು ಮಣ್ಣಿನ ಜೀವಿಗಳ ಮೇಲೆ ಹೋಲಿಸಿ ನೋಡಿ 2009ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನದಲ್ಲಿ, ಫೋಲ್ಸೋಮಿಯಾ ಕ್ಯಾಂಡಿಡಾ ಎರೆಹುಳುಗಳಿಗಿಂತ ಹೆಚ್ಚು ಉಪ್ಪನ್ನು ತಾಳಿಕೊಂಡಿತು. ಆದುದರಿಂದ ಸವಳು ನೆಲದಲ್ಲಿ ಎರೆಹುಳು ಕಾಣದಿದ್ದ ಮಾತ್ರಕ್ಕೆ ಮಣ್ಣು ಸಂಪೂರ್ಣ ನಿರ್ಜೀವವಾಗಿದೆ ಎಂದು ಕೈಬಿಡುವ ಅವಶ್ಯಕತೆ ಇಲ್ಲ.

ಲೋಹಯುಕ್ತ ಮಣ್ಣಿನ ಪರೀಕ್ಷೆಗೂ ಈ ಜೀವಿ ಬಳಕೆಯಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಂತೆ ಚಿನ್ನದ ಗಣಿಗಾರಿಕೆ ನಡೆಯುವ ಸ್ಥಳಗಳಲ್ಲಿ ಅದಿರು ಅರೆದು ಉಳಿದ ಪುಡಿಯ ದಿಬ್ಬಗಳು ಇರುವುದು ಸಹಜ. ಅಂತಹ ದಿಬ್ಬಗಳ ಮೇಲೆ ಗಿಡ ಬೆಳೆಸಿದ ನಂತರ ಮಣ್ಣು ಮರಳಿ ಜೀವ ಪಡೆಯುತ್ತಿದೆಯೇ ಎಂಬುದನ್ನು ತಿಳಿಯಲು ಇದು ಯೋಗ್ಯ ವಿಧಾನ.

ಒಂದು ಮಿತಿಯನ್ನೂ ಹೇಳಬೇಕಾಗಿದೆ. ಮರಳು, ಬಿಳಿ ಜೇಡಿ ಹಾಗೂ ಪೀಟ್ ಬೆರೆಸಿದ ಕೃತಕ ಮಣ್ಣಿನಲ್ಲಿ 20 ಡಿಗ್ರಿಯಲ್ಲಿ ನಡೆಸಿದ ಪರೀಕ್ಷೆಯ ಅಂಕಿಗಳನ್ನು, ಬೇಸಿಗೆಯಲ್ಲಿ ಅಂಗೈ ಅಗಲ ಬಿರಿಯುವ ಎರೆ ಮಣ್ಣಿಗೆ ಹಾಗೆಯೇ ಅನ್ವಯಿಸುವುದು ಸಮಂಜಸವಲ್ಲ. ಆ ಅಂಕಿಗಳು ಒಂದು ರಾಸಾಯನಿಕವನ್ನು ಮತ್ತೊಂದರೊಡನೆ ಹೋಲಿಸಲು ಉಪಯುಕ್ತ. ಇಂತಹ ಹೊಲದಲ್ಲಿ ಇಷ್ಟು ಹಾಕಿದರೆ ತೊಂದರೆಯಿಲ್ಲ ಎಂಬ ಭರವಸೆಯನ್ನು ಅವು ಕೊಡಲಾರವು.

ವಂಶವಾಹಿ ಅಧ್ಯಯನ

ಫೋಲ್ಸೋಮಿಯಾ ಕ್ಯಾಂಡಿಡಾದ ಪೂರ್ಣ ವಂಶವಾಹಿ ನಕ್ಷೆಯು 2017ರಲ್ಲಿ ಪ್ರಕಟವಾಯಿತು. ಇದರಲ್ಲಿ 28,734 ವಂಶವಾಹಿಗಳನ್ನು ಗುರುತಿಸಲಾಗಿದ್ದು, ಶೇಕಡಾ 2.8ರಷ್ಟು ವಂಶವಾಹಿಗಳು ಬ್ಯಾಕ್ಟೀರಿಯಾ, ಶಿಲೀಂಧ್ರ ಮುಂತಾದ ಅನ್ಯ ಜೀವಿಗಳಿಂದ ಬಂದವುಗಳೆಂದು ಕಂಡುಬಂದಿದೆ. ಪೆನಿಸಿಲಿನ್ ಗುಂಪಿನ ಪ್ರತಿಜೀವಕಗಳ ತಯಾರಿಕೆಗೆ ಸಂಬಂಧಿಸಿದ ವಂಶವಾಹಿಗಳೂ ಇವುಗಳಲ್ಲಿವೆ. ಸೂಕ್ಷ್ಮಜೀವಿಗಳಿಂದ ತುಂಬಿದ ಮಣ್ಣಿನಲ್ಲಿ ಬಾಳುವ ಪ್ರಾಣಿಯೊಂದು ಅವುಗಳ ಅಸ್ತ್ರವನ್ನೇ ತನ್ನದಾಗಿಸಿಕೊಂಡಂತಿದೆ.

ಕರ್ನಾಟಕದಲ್ಲಿ ಮಣ್ಣಿನ ಜೀವಿಗಳ ಅಧ್ಯಯನ

ಮಣ್ಣಿನ ಜೀವಿಗಳ ಅಧ್ಯಯನಕ್ಕೆ ರಾಜ್ಯದಲ್ಲಿ ದೀರ್ಘ ಪರಂಪರೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1978ರಲ್ಲಿ ಭಾರತದ ಮಣ್ಣಿನ ಜೀವವಿಜ್ಞಾನ ಮತ್ತು ಪರಿಸರ ಕುರಿತ ಗ್ರಂಥವನ್ನು ಸಿ.ಎ. ಎಡ್ವರ್ಡ್ಸ್ ಹಾಗೂ ಡಾ. ಜಿ.ಕೆ. ವೀರೇಶ್ ಅವರ ಸಂಪಾದಕತ್ವದಲ್ಲಿ ಹೊರತಂದಿತು. 1988ರ ಆಗಸ್ಟ್ ತಿಂಗಳಿನಲ್ಲಿ ಹತ್ತನೇ ಅಂತರರಾಷ್ಟ್ರೀಯ ಮಣ್ಣಿನ ಪ್ರಾಣಿಶಾಸ್ತ್ರ ಸಮ್ಮೇಳನವು ಬೆಂಗಳೂರಿನಲ್ಲಿಯೇ ನಡೆಯಿತು. ತುರ್ವಿಹಾಳ ಭಾಗವು ಈಗ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಡುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

ಸ್ಪ್ರಿಂಗ್‌ಟೇಲ್‌ಗಳು ಮನುಷ್ಯರನ್ನಾಗಲಿ ದನಕರುಗಳನ್ನಾಗಲಿ ಕಚ್ಚುವುದಿಲ್ಲ. ತಿಪ್ಪೆ, ಎರೆಗೊಬ್ಬರದ ತೊಟ್ಟಿ ಹಾಗೂ ಸಸಿಮಡಿಗಳಲ್ಲಿ ಇವು ಕಂಡುಬಂದಲ್ಲಿ ಯಾವುದೇ ಔಷಧ ಹಾಕುವ ಅಗತ್ಯವಿರುವುದಿಲ್ಲ. ಅಣಬೆ ಬೆಳೆಯುವವರಿಗೆ ಮಾತ್ರ ಈ ಮಾತು ಅನ್ವಯಿಸದು. ಶಿಲೀಂಧ್ರವೇ ಇವುಗಳ ಆಹಾರವಾದುದರಿಂದ ಅಣಬೆ ಕೊಠಡಿಗಳಲ್ಲಿ ಕೆಲವು ಜಾತಿಗಳು ನಷ್ಟವನ್ನುಂಟುಮಾಡುತ್ತವೆ.

ಭತ್ತದ ಬೆಳೆಗಾರರಿಗೆ ಸಂಬಂಧಿಸಿದ ಒಂದು ಸಂಗತಿ ಮುಖ್ಯವಾಗಿದೆ. ಇಂಡೋನೇಷ್ಯಾದ ಜಾವಾ ದ್ವೀಪದ ಗದ್ದೆಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಟಿಯಾದ ಮೊದಲ ವಾರಗಳಲ್ಲಿ, ಜಿಗಿಹುಳು ಮುಂತಾದ ಪೀಡೆಗಳು ಇನ್ನೂ ಕಡಿಮೆ ಇರುವಾಗ, ಜೇಡ ಮೊದಲಾದ ಮಿತ್ರಜೀವಿಗಳು ಕಸ ಮೇಯುವ ಸ್ಪ್ರಿಂಗ್‌ಟೇಲ್‌ಗಳಂತಹ ಸೂಕ್ಷ್ಮಜೀವಿಗಳನ್ನು ತಿಂದು ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಆ ಹಂತದಲ್ಲಿ ಪೀಡೆ ಇಲ್ಲದಿದ್ದರೂ ಮುಂಜಾಗ್ರತೆಯೆಂದು ಕೀಟನಾಶಕ ಹಾಕಿದಲ್ಲಿ ಮಿತ್ರಜೀವಿಗಳೂ ಸಾಯುತ್ತವೆ, ಅವುಗಳ ಆಹಾರವೂ ನಾಶವಾಗುತ್ತದೆ. ಮುಂದೆ ಬರುವ ಜಿಗಿಹುಳುವಿಗೆ ಎದುರಾಳಿಯೇ ಇರುವುದಿಲ್ಲ. ಕೊಯ್ಲಿನ ನಂತರ ಗದ್ದೆಯಲ್ಲಿ ಹುಲ್ಲು ಸುಡುವುದರಿಂದಲೂ ಮೇಲ್ಪದರದ ಜೀವಿಗಳು ಹಾಗೂ ಅವುಗಳ ಆಹಾರ ಒಟ್ಟಿಗೇ ಇಲ್ಲವಾಗುತ್ತವೆ.

ಶಾಲೆಗಳಲ್ಲಿ ಅಥವಾ ಮನೆಯಲ್ಲಿ ನೋಡಬಯಸುವವರು ನೀರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ತಲೆಕೆಳಗಾಗಿ ಲಾಳಿಕೆಯಂತೆ ಇರಿಸಿ, ಒಳಗೆ ಸೊಳ್ಳೆ ಪರದೆಯಷ್ಟು ಕಣ್ಣಿನ ಜಾಲರಿಯ ತುಂಡು ಹಾಕಿ, ಅದರ ಮೇಲೆ ಒಂದು ಹಿಡಿ ತೇವವಾದ ಮಣ್ಣನ್ನು ಪುಡಿಮಾಡದೆ ಇಡಬೇಕು. ಮೇಲೆ ಒಂದು ಗೇಣು ಎತ್ತರದಲ್ಲಿ 40 ವ್ಯಾಟಿನ ಹಳೆಯ ಮಾದರಿಯ ಬಲ್ಬು ಉರಿಸಿದಾಗ ಮಣ್ಣು ಮೇಲಿನಿಂದ ಒಣಗುತ್ತಾ ಬಂದು, ಜೀವಿಗಳು ಕೆಳಕ್ಕೆ ಸರಿದು ಅಡಿಯಲ್ಲಿಟ್ಟ ಬಟ್ಟಲಿಗೆ ಬೀಳುತ್ತವೆ. ಬಿಸಿ ನೀಡದ ಎಲ್.ಇ.ಡಿ. ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಮೂರು ನಾಲ್ಕು ದಿನ ಬೇಕಾಗುತ್ತದೆ. ಇಟಲಿಯ ಬರ್ಲೀಸ್ ಹಾಗೂ ಸ್ವೀಡನ್ನಿನ ಟುಲ್‌ಗ್ರೆನ್ ಎಂಬ ವಿಜ್ಞಾನಿಗಳು ಒಂದು ಶತಮಾನದ ಹಿಂದೆ ರೂಪಿಸಿದ ಉಪಕರಣದ ಸರಳ ರೂಪ ಇದಾಗಿದ್ದು, ಸಂಶೋಧಕರು ಇಂದಿಗೂ ಇದೇ ತತ್ವವನ್ನು ಬಳಸುತ್ತಾರೆ.

ಮಣ್ಣು ಪರೀಕ್ಷೆಗೆ ಅರ್ಜಿ ಸಲ್ಲಿಸುವವರಿಗೆ ಸೂಚನೆ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ ಹಾಗೂ ಸಾವಯವ ಇಂಗಾಲ ಎಂಬ 12 ಅಂಶಗಳನ್ನು ಪರಿಶೀಲಿಸಲಾಗುತ್ತದೆ. ಮಣ್ಣಿನಲ್ಲಿರುವ ಜೀವಿಗಳ ಎಣಿಕೆ ಇದರಲ್ಲಿ ಸೇರಿಲ್ಲ. ಚೀಟಿಯಲ್ಲಿ ಸಾವಯವ ಇಂಗಾಲವು ಕಡಿಮೆ ಎಂದು ನಮೂದಾಗಿದ್ದಲ್ಲಿ ಸ್ಪ್ರಿಂಗ್‌ಟೇಲ್ ಮುಂತಾದ ಜೀವಿಗಳಿಗೆ ಆಹಾರವೂ ಕಡಿಮೆ ಇದೆ ಎಂದು ತಿಳಿಯಬಹುದು.

ರಾಸಾಯನಿಕ ಪರೀಕ್ಷೆಗೆ ನೀಡುವ ಮಣ್ಣಿನ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ ಕೊಡಬೇಕಾಗುತ್ತದೆ. ಹೀಗೆ ಒಣಗಿಸಿದ ಮಣ್ಣಿನಲ್ಲಿ ಈ ಜೀವಿಗಳು ಉಳಿದಿರುವುದಿಲ್ಲವಾದ್ದರಿಂದ ಅದೇ ಮಾದರಿಯನ್ನು ಜೀವಿಗಳ ಅಧ್ಯಯನಕ್ಕೆ ಬಳಸಲು ಬರುವುದಿಲ್ಲ. ಕಾಲೇಜು ಯೋಜನೆ ಅಥವಾ ಸಂಶೋಧನೆಗಾಗಿ ಜೀವಿಗಳನ್ನು ಗುರುತಿಸಬೇಕಾದವರು ತೇವವಾದ ಮಣ್ಣನ್ನು ಬಿಸಿಲಿಗೆ ಒಡ್ಡದೆ, ಒತ್ತದೆ, ಗಾಳಿಯಾಡುವ ಡಬ್ಬಿಯಲ್ಲಿರಿಸಿ ಅದೇ ದಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತಲುಪಿಸತಕ್ಕದ್ದು. ಹೊರಡುವ ಮೊದಲು ವಿಭಾಗವನ್ನು ವಿಚಾರಿಸಿಕೊಳ್ಳುವುದು ಒಳಿತು. ಸಾಮಾನ್ಯ ಮಣ್ಣು ಪರೀಕ್ಷೆಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ ವಿವರಗಳೊಂದಿಗೆ ವಿಚಾರಿಸಬಹುದಾಗಿದೆ.